ಬುಡದಲ್ಲಿ "ಜೈನ್" ಅಂತ ಅಚ್ಚಿರುವ ಬಣ್ಣದ ಗಾಜಿನ ಲೋಟ, ಹೂದಾನಿ: ಇಟ್ಟುಕೊಳ್ಳೋದಾ, ಕೊಟ್ಟುಬಿಡೋದಾ?

ದಾವಣಗೆರೆ_ಹಳೇಮನೆ
ಎಲ್ಲರಿಗೂ ನಮಸ್ಕಾರ. ಅಜ್ಜಿಯ ಮನೆ ಖಾಲಿ ಮಾಡುತ್ತಿದ್ದೇವೆ. ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ ಇಟ್ಟಿದ್ದ ಗಾಜಿನ ಸಾಮಾನು ಸಿಕ್ಕಿದೆ. ಐದು ಲೋಟ, ಒಂದು ಮೀನಿನ ಆಕಾರದ ಹೂದಾನಿ. ಎಲ್ಲವೂ ಕಿತ್ತಳೆ ಬಣ್ಣ. ಕಿಟಕಿ ಹತ್ತಿರ ಹಿಡಿದು ತಿರುಗಿಸಿದರೆ ನೇರಳೆ, ಹಸಿರು, ಚಿನ್ನದ ಬಣ್ಣ ಓಡಾಡುತ್ತದೆ. ಲೋಟದ ನಡುವೆ ಮಂಜು ಕವಿದಂತೆ ಬೆಳ್ಳಗಿನ ಪಟ್ಟಿ ಇದೆ. ಎರಡು ಲೋಟದ ಬುಡದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಜೈನ್" ಅಂತ ಅಚ್ಚಿದೆ.

ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಬಂದು ನೋಡಿದರು. "ಬೆಲ್ಜಿಯಂ ಗಾಜು, ಎಲ್ಲ ಸೇರಿ 1,500 ಕೊಡುತ್ತೇನೆ" ಅಂದರು. ಅಣ್ಣ ಕೊಟ್ಟುಬಿಡೋಣ ಅನ್ನುತ್ತಾನೆ. ಅಮ್ಮನಿಗೆ ಇಷ್ಟವಿಲ್ಲ, ರಾಮನವಮಿ ಪಾನಕ ಇದರಲ್ಲೇ ಕೊಡುತ್ತಿದ್ದರಂತೆ. ಇದು ನಿಜಕ್ಕೂ ಬೆಲ್ಜಿಯಂ ಮಾಲಾ? ಎಷ್ಟು ಹಳೆಯದು? ತೊಳೆಯಬಹುದಾ? ಫೋಟೋ ಹಾಕಿದ್ದೇನೆ, ನೋಡಿ.

ಚಿಕ್ಕಪೇಟೆ_ಸುತ್ತಾಟ
ಮೊದಲು ಆ ವ್ಯಾಪಾರಿಗೆ ಫೋನ್ ಮಾಡಿ ಕೊಡೋದಿಲ್ಲ ಅಂತ ಹೇಳಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ನ್ಯೂಜೆರ್ಸಿ_ಕನ್ನಡತಿ
ಬೆಲ್ಜಿಯಂ ಅಲ್ಲವೇ ಅಲ್ಲ. ಇದು ನಮ್ಮ ಉತ್ತರ ಪ್ರದೇಶದ ಫಿರೋಜಾಬಾದಿನದು! ಜೈನ್ ಗ್ಲಾಸ್ ವರ್ಕ್ಸ್ ಅಂತ ಅಲ್ಲಿ ದೊಡ್ಡ ಕಾರ್ಖಾನೆ ಇತ್ತು. ಇಂಥ ಗಾಜಿಗೆ ಕಾರ್ನಿವಲ್ ಗ್ಲಾಸ್ ಅನ್ನುತ್ತಾರೆ. ನಾನು ಇಲ್ಲಿ ವರ್ಷಗಳಿಂದ ಇದನ್ನೇ ಕೂಡಿಡುತ್ತಿದ್ದೇನೆ, ಅದಕ್ಕೇ ಫೋಟೋ ನೋಡಿದ ಕೂಡಲೇ ಕೈ ತಡೆಯಲಿಲ್ಲ.

ಇದರ ಹುಟ್ಟು ಅಮೆರಿಕದಲ್ಲಿ. ವೆಸ್ಟ್ ವರ್ಜೀನಿಯಾದ ಫೆಂಟನ್ ಕಂಪನಿ 1907ರ ಹೊತ್ತಿಗೆ ಶುರು ಮಾಡಿತು. ನಾರ್ತ್‌ವುಡ್, ಡುಗನ್, ಇಂಪೀರಿಯಲ್, ಮಿಲ್ಲರ್ಸ್‌ಬರ್ಗ್ ಕಂಪನಿಗಳು ಹಿಂದೆಯೇ ಬಂದವು. ನ್ಯೂಯಾರ್ಕಿನ ಟಿಫಾನಿಯವರು ಮಾಡುತ್ತಿದ್ದ ಬಣ್ಣದಾಟದ ಗಾಜು ಶ್ರೀಮಂತರಿಗೆ ಮಾತ್ರ ಸಿಗುತ್ತಿತ್ತು. ಅದೇ ಮೆರುಗನ್ನು ಇವರು ಅಚ್ಚಿನಲ್ಲಿ ಒತ್ತಿದ ಅಗ್ಗದ ಗಾಜಿಗೆ ಕೊಟ್ಟರು. ಆಮೇಲೆ ಯುರೋಪ್, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ, ಭಾರತ ಎಲ್ಲ ಕಡೆ ಹಬ್ಬಿತು.

ನಿಮ್ಮ ಲೋಟದ ನಡುವಿನ ಮಂಜು ಪಟ್ಟಿ ಇದೆಯಲ್ಲ, ಅದು ಭಾರತದ ಲೋಟಗಳ ಗುರುತು. ಹೊಳೆಯುವ ಭಾಗದ ಪಕ್ಕದಲ್ಲೇ ಮಸುಕು ಭಾಗ ಇಡೋದು ಅಮೆರಿಕದ ಮಾಲಿನಲ್ಲಿ ಹೀಗೆ ಕಾಣುವುದಿಲ್ಲ. ಗೋಡೆಯೂ ತೆಳ್ಳಗಿರುತ್ತದೆ. ಮೀನು, ಆನೆ, ಕೈ, ಈ ಆಕಾರದ ಹೂದಾನಿಗಳನ್ನು ಇಲ್ಲಿನ ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ದಯವಿಟ್ಟು 1,500ಕ್ಕೆ ಕೊಡಬೇಡಿ.

ಹಳೇಕಾಲ_ಬಸವನಗುಡಿ
ಸ್ವಲ್ಪ ನಿಧಾನ. ಆಸೆ ಹುಟ್ಟಿಸುವುದಕ್ಕೆ ಮುಂಚೆ ಒಂದು ಮಾತು. ಇದು ಅಚ್ಚಿನ ಗಾಜು, ಸಾವಿರಗಟ್ಟಲೆ ತಯಾರಾಗಿದ್ದು. ಕಲಾತ್ಮಕ ಗಾಜು ಅಂದರೆ ಫ್ರಾನ್ಸಿನ ಗಾಲೆ, ಲಾಲಿಕ್, ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಲೋಯೆಟ್ಸ್, ಮತ್ತೆ ಟಿಫಾನಿ. ಒಂದೊಂದನ್ನೂ ಕುಶಲಿ ಊದಿ, ಕೆತ್ತಿ, ಆಮ್ಲದಲ್ಲಿ ಕೊರೆದು ಮಾಡಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಚೆಂದ ಇದೆ, ನೆನಪಿಗೆ ಇಟ್ಟುಕೊಳ್ಳಲಿ. ಅಷ್ಟೇ.

ನ್ಯೂಜೆರ್ಸಿ_ಕನ್ನಡತಿ
ಸರ್, ಲಾಲಿಕ್ ಕೂಡ ಬಹುಪಾಲು ಅಚ್ಚಿನ ಗಾಜೇ ಅಲ್ವಾ? ಅಚ್ಚಿಗೆ ಊದಿದ್ದು, ಅಚ್ಚಿನಲ್ಲಿ ಒತ್ತಿದ್ದು. ಅಚ್ಚು ಮಾಡಿದ ಕೈಯಲ್ಲಿ ಕಲೆ ಇಲ್ಲವಾ?

ಕೆಮಿಸ್ಟ್ರಿ_ಮೇಷ್ಟ್ರು
ತಯಾರಿಕೆ ಬಗ್ಗೆ ಹೇಳುತ್ತೇನೆ, ಆಮೇಲೆ ಜಗಳ ಮುಂದುವರಿಸಿ.

ಗಾಜು ಅಚ್ಚಿನಿಂದ ಹೊರಗೆ ಬಂದಾಗ ಇನ್ನೂ ಕೆಂಡದಂತೆ ಇರುತ್ತದೆ. ಆಗ ಲೋಹದ ಲವಣದ ದ್ರಾವಣವನ್ನು ಸಿಂಪಡಿಸುತ್ತಾರೆ. ಕಿತ್ತಳೆ ಬಣ್ಣಕ್ಕೆ ಫೆರಿಕ್ ಕ್ಲೋರೈಡ್, ಅಂದರೆ ಕಬ್ಬಿಣದ ಲವಣ. ತಿಳಿ ಕಾಮನಬಿಲ್ಲಿನ ಬಣ್ಣಗಳಿಗೆ ತವರದ ಲವಣ. ಮೈಮೇಲೆ ಬಹಳ ತೆಳುವಾದ ಆಕ್ಸೈಡ್ ಪದರ ಕೂರುತ್ತದೆ. ಬೆಳಕು ಆ ಪದರದ ಮೇಲ್ಮೈಯಿಂದಲೂ ತಳದಿಂದಲೂ ವಾಪಸ್ಸು ಬರುವಾಗ ಒಂದರೊಡನೊಂದು ಸೇರಿ ಕೆಲವು ಬಣ್ಣ ಹೆಚ್ಚುತ್ತವೆ, ಕೆಲವು ಅಳಿಯುತ್ತವೆ. ಮಳೆಗಾಲದಲ್ಲಿ ಪೆಟ್ರೋಲ್ ಬಂಕ್ ಎದುರಿನ ನೀರಿನ ಮೇಲೆ ಕಾಣುವ ಬಣ್ಣವೂ ಇದೇ ಲೆಕ್ಕ.

ಹಾಗಾಗಿ ಕಿತ್ತಳೆ ಬಣ್ಣ ಗಾಜಿನೊಳಗೆ ಇಲ್ಲ, ಮೈಮೇಲಿದೆ. ಲೋಟ ಮಗುಚಿ ಬುಡ ನೋಡಿ. ಸಿಂಪಡಿಸಿದ್ದು ತಾಗದ ಜಾಗದಲ್ಲಿ ಗಾಜು ಬಣ್ಣವಿಲ್ಲದೆ, ಪಾರದರ್ಶಕವಾಗಿ ಕಾಣಬೇಕು. ಟಿಫಾನಿಯವರು 1894ರಲ್ಲಿ "ಫಾವ್ರೀಲ್" ಹೆಸರು ನೋಂದಾಯಿಸಿ ಮಾರಿದ ಗಾಜಿನಲ್ಲೂ ಲೋಹದ ಲವಣಗಳದ್ದೇ ಆಟ. ಅಲ್ಲಿ ಕೈಕೆಲಸ ಜಾಸ್ತಿ, ಗಾಜಿನೊಳಗೂ ಬಣ್ಣ ಇರುತ್ತದೆ. ಆದರೆ ರಸಾಯನಶಾಸ್ತ್ರ ದೂರದ್ದೇನಲ್ಲ.

ದಾವಣಗೆರೆ_ಹಳೇಮನೆ
ಮೇಷ್ಟ್ರೇ, ಈಗಷ್ಟೇ ನೋಡಿದೆ. ಬುಡ ಪೂರ್ತಿ ಬಿಳಿ ಗಾಜೇ! ಅಂಚಿನ ಹತ್ತಿರ ಕಿತ್ತಳೆ ಒಂದೆರಡು ಕಡೆ ಇಳಿದು ಬಂದು ನಿಂತಿದೆ. ಮೀನಿನ ಹುರುಪೆಗಳ ತಗ್ಗಿನಲ್ಲಿ ಬಣ್ಣ ಗಾಢವಾಗಿದೆ, ಉಬ್ಬಿದ ಅಂಚಿನಲ್ಲಿ ಸವೆದು ಬೆಳ್ಳಗಾಗಿದೆ. ಪಕ್ಕದಲ್ಲಿ ಮೇಲಿಂದ ಕೆಳಗೆ ತೆಳ್ಳಗಿನ ಗೆರೆಯಿದೆ. ಅದು ಬಿರುಕಾ?

ಕೆಮಿಸ್ಟ್ರಿ_ಮೇಷ್ಟ್ರು
ಬಿರುಕಲ್ಲ. ಅಚ್ಚಿನ ಎರಡು ಹೋಳು ಕೂಡುವ ಜಾಗದ ಗೆರೆ. ಉಗುರಿನಿಂದ ಸವರಿ. ಉಬ್ಬಿ ಸಿಕ್ಕಿದರೆ ಅಚ್ಚಿನ ಗೆರೆ. ಬಿರುಕಾದರೆ ಓರೆಯಾಗಿ ಹಿಡಿದಾಗ ಒಳಗೆ ಬೆಳ್ಳಿಯಂತೆ ಮಿಂಚುತ್ತದೆ.

ಬೆಳಗಾವಿ_ಕಂದೀಲು
ಭಾರತದ ಗಾಜು ಅಂದ ತಕ್ಷಣ ಕಡಿಮೆ ಅನ್ನುವವರಿಗೆ ಒಂದಿಷ್ಟು ಹಿನ್ನೆಲೆ ಹೇಳಲೇಬೇಕು. ನೂರು ವರ್ಷದ ಹಿಂದೆ ನಮ್ಮಲ್ಲಿ ಒಳ್ಳೆಯ ಗಾಜು ಅಂದರೆ ಹೊರಗಿನದೇ. ಬೊಹೀಮಿಯಾ, ಬೆಲ್ಜಿಯಂ, ಇಂಗ್ಲೆಂಡ್, ಆಮೇಲೆ ಜಪಾನ್. ಸ್ವದೇಶಿ ಚಳವಳಿಯ ಕಾಲದಲ್ಲಿ ಜನ ಒಬ್ಬೊಬ್ಬರು ಒಂದೊಂದು ಪೈಸೆ ಕೊಟ್ಟು ನಿಧಿ ಕಟ್ಟಿದರು. ಆ ಪೈಸಾ ಫಂಡ್ ಹಣದಲ್ಲಿ 1908ರಲ್ಲಿ ಪುಣೆ ಹತ್ತಿರದ ತಳೆಗಾಂವ್‌ನಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು. ಹುಡುಗರಿಗೆ ಗಾಜಿನ ಕೆಲಸ ಕಲಿಸುವ ಶಾಲೆಯೂ ಅದೇ ಆಗಿತ್ತು. ಕರಾಡ ಹತ್ತಿರ ಓಗಲೆಯವರು 1916ರಲ್ಲಿ ಕಾರ್ಖಾನೆ ಹಾಕಿದರು. ಅವರ "ಪ್ರಭಾಕರ" ಕಂದೀಲು ನಮ್ಮ ಕಡೆ ಹಳೇ ಮನೆಗಳಲ್ಲಿ ಇವತ್ತಿಗೂ ಸಿಗುತ್ತದೆ.

ಫಿರೋಜಾಬಾದ್ ಬಳೆಗೆ ಹೆಸರಾದ ಊರು. ಅಂಥ ಊರಲ್ಲಿ ಕುಲುಮೆ ಎದುರು ಬೆವರು ಸುರಿಸಿದವರು ಮೀನು, ಆನೆ ಮಾಡಿ ಅದಕ್ಕೆ ಇಂಥ ಮೆರುಗು ಕೊಟ್ಟಿದ್ದಾರೆ. ಟಿಫಾನಿ ಜತೆ ಹೋಲಿಸುವುದೇ ಬೇಡ. ಇದರದ್ದೇ ಒಂದು ಘನತೆ ಇದೆ.

ಹಳೇಕಾಲ_ಬಸವನಗುಡಿ
ಘನತೆ ಇಲ್ಲ ಅಂತ ನಾನೆಲ್ಲಿ ಹೇಳಿದೆ? ಕೊಳ್ಳುವವರು ಮೋಸ ಹೋಗಬಾರದು ಅನ್ನೋದು ನನ್ನ ಕಾಳಜಿ. ಇವತ್ತು ಇಲ್ಲಿ ಓದಿದವರು ನಾಳೆ ಕಿತ್ತಳೆ ಬಣ್ಣದ ಲೋಟ ಕಂಡಲ್ಲೆಲ್ಲ ದುಡ್ಡು ಸುರಿಯುತ್ತಾರೆ. ಮೆರುಗಿನ ಗಾಜನ್ನು ಈಗಲೂ ಮಾಡುತ್ತಾರೆ. ಫೆಂಟನ್ ಕಂಪನಿಯೇ 1970ರಿಂದ ಮತ್ತೆ ಕಾರ್ನಿವಲ್ ಗಾಜು ಮಾಡಿತು.

ನ್ಯೂಜೆರ್ಸಿ_ಕನ್ನಡತಿ
ಈ ಮಾತು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಬುಡದ ಗುರುತು ಓದೋದು ಕಲಿಯಬೇಕು. ಮೊಟ್ಟೆಯಾಕಾರದೊಳಗೆ ಫೆಂಟನ್ ಅಂತ ಅಚ್ಚಿದ್ದರೆ ಆ ಕಾರ್ನಿವಲ್ 1970ರ ನಂತರದ್ದು. ಶುರುವಿನ ಕಾಲದ ಫೆಂಟನ್ ಮಾಲಿಗೆ ಅಚ್ಚಿನ ಗುರುತೇ ಇರಲಿಲ್ಲ. ಹೊಸಬರು ಇಲ್ಲೇ ಎಡವುತ್ತಾರೆ. ಹೆಸರು ಇದ್ದರೆ ಹಳೆಯದು, ಇಲ್ಲದಿದ್ದರೆ ನಕಲಿ ಅಂದುಕೊಳ್ಳುತ್ತಾರೆ. ಜೈನ್ ಲೋಟಗಳಲ್ಲೂ ಎಲ್ಲದರ ಮೇಲೆ ಹೆಸರಿಲ್ಲ. ನಿಮ್ಮ ಐದರಲ್ಲಿ ಎರಡಕ್ಕೆ ಮಾತ್ರ ಇರೋದು ಆಶ್ಚರ್ಯವೇನಲ್ಲ.

ಶಿವಮೊಗ್ಗ_ಶೋಕೇಸ್
ನನ್ನ ಹತ್ತಿರ "ಗಾಲೆ" ಸಹಿ ಇರುವ ದೀಪದ ಬುರುಡೆ ಇದೆ. ನೇರಳೆ ಹೂವಿನದು. ಆನ್‌ಲೈನ್‌ನಲ್ಲಿ ಕೊಂಡಿದ್ದು. ಅಸಲಿನಾ ಹೇಗೆ ತಿಳಿಯೋದು?

ಹಳೇಕಾಲ_ಬಸವನಗುಡಿ
ಸಹಿಯ ಪಕ್ಕ ಭೂತಗನ್ನಡಿ ಇಟ್ಟು ನೋಡಿ. ರೊಮೇನಿಯಾದಲ್ಲಿ ಗಾಲೆ ಶೈಲಿಯ ಗಾಜು ಬಹಳ ತಯಾರಾಗಿದೆ. ಅದರಲ್ಲಿ ಗಾಲೆ ಹೆಸರಿನ ಜತೆ "ಟಿಪ್" ಅಂತ ಇರುತ್ತದೆ, ಆ ಮಾದರಿಯದ್ದು ಅಂತ ತಯಾರಕರು ಪ್ರಾಮಾಣಿಕವಾಗಿಯೇ ಹಾಕಿದ್ದು. ನಡುವಿನ ಮಾರಾಟಗಾರರು ಆ ಮೂರು ಅಕ್ಷರ ಉಜ್ಜಿ ತೆಗೆಯುತ್ತಾರೆ. ಉಜ್ಜಿದ ಜಾಗ ಸುತ್ತಲಿನ ಮೈಗಿಂತ ತಗ್ಗಾಗಿ ಅಥವಾ ಜಾಸ್ತಿ ನುಣುಪಾಗಿ ಕೈಗೆ ಸಿಗುತ್ತದೆ.

ಇನ್ನೊಂದು, ಎಮಿಲ್ ಗಾಲೆ 1904ರಲ್ಲಿ ತೀರಿಕೊಂಡರು. ಕಾರ್ಖಾನೆ 1930ರ ದಶಕದವರೆಗೆ ನಡೆಯಿತು. ಅವರು ಹೋದ ಮೇಲೆ ಸ್ವಲ್ಪ ಕಾಲ ಸಹಿಯ ಪಕ್ಕ ಒಂದು ನಕ್ಷತ್ರ ಹಾಕುತ್ತಿದ್ದರು. ಹಾಗಾಗಿ ಗಾಲೆ ಸಹಿ ಇದ್ದ ಮಾತ್ರಕ್ಕೆ ಅವರ ಕೈಯ ಕೆಲಸ ಅಲ್ಲ. ಲಾಲಿಕ್‌ಗೂ ಹೀಗೇ ಒಂದು ಗೆರೆ ಇದೆ. ರೆನೆ ಲಾಲಿಕ್ 1945ರಲ್ಲಿ ತೀರಿಕೊಂಡರು. ಹೆಸರಿಗೆ ಮೊದಲು "ಆರ್" ಅಕ್ಷರ ಇದ್ದರೆ ಅದಕ್ಕೆ ಮುಂಚಿನದು, ಬರೀ "ಲಾಲಿಕ್ ಫ್ರಾನ್ಸ್" ಇದ್ದರೆ ನಂತರದ್ದು. ನಕಲಿ ಮಾಡುವವರು ಈ "ಆರ್" ಅನ್ನೂ ಸೇರಿಸುತ್ತಾರೆ, ಅದೂ ನೆನಪಿರಲಿ.

ಶಿವಮೊಗ್ಗ_ಶೋಕೇಸ್
ಭೂತಗನ್ನಡಿ ಇಟ್ಟೆ. ಸಹಿಯ ಬಲಕ್ಕೆ ಬೆರಳಗಲದ ಜಾಗ ನುಣುಪಾಗಿದೆ. ಹೂವು ಚೆಂದ ಇದೆ, ಮಾರೋದಿಲ್ಲ. ಆದರೆ ಕೊಟ್ಟ ಬೆಲೆ ನೆನೆದರೆ ಹೊಟ್ಟೆ ಉರಿಯುತ್ತದೆ.

ಚಿಕ್ಕಪೇಟೆ_ಸುತ್ತಾಟ
ಅದಕ್ಕೇ ನಾನು ಕೈಯಲ್ಲಿ ಹಿಡಿಯದೆ ಕೊಳ್ಳುವುದೇ ಇಲ್ಲ. ಬುಡ ಮೊದಲು ನೋಡಿ. ಹಳೇ ಗಾಜು ಕಪಾಟಿನಲ್ಲಿ ಎಳೆದಾಡಿ ಎಳೆದಾಡಿ ಬುಡದಲ್ಲಿ ಸಣ್ಣ ಗೀರು ಬಿದ್ದಿರುತ್ತದೆ. ಆ ಗೀರುಗಳು ನಾನಾ ದಿಕ್ಕಿಗೆ, ನಾನಾ ಉದ್ದಕ್ಕೆ ಇರಬೇಕು. ಎಲ್ಲ ಒಂದೇ ದಿಕ್ಕಿಗೆ ಇದ್ದರೆ ಯಾರೋ ಮರಳುಕಾಗದ ಉಜ್ಜಿದ್ದಾರೆ. ಗೀರೇ ಇಲ್ಲದಿದ್ದರೆ ಎರಡರಲ್ಲಿ ಒಂದು: ಪೆಟ್ಟಿಗೆಯಿಂದ ಹೊರಗೇ ಬರದ ಮಾಲು, ಇಲ್ಲ ಹೊಸದು.

ಊದಿದ ಗಾಜಾದರೆ ಬುಡದ ನಡುವೆ ಕಬ್ಬಿಣದ ಸರಳಿನಿಂದ ಮುರಿದ ಗಾಯ ಸಿಗುತ್ತದೆ. ಕೆಲವರು ಅದನ್ನು ಅರೆದು ನುಣುಪು ಮಾಡಿರುತ್ತಾರೆ, ಆಗ ಸಣ್ಣ ಬಟ್ಟಲಿನಂತೆ ತಗ್ಗು ಉಳಿಯುತ್ತದೆ. ಕೊರೆದ ಗಾಜಿನ ಅಂಚು ಬೆರಳಿಗೆ ಚುರುಕಾಗಿ ತಾಗುತ್ತದೆ. ಅಚ್ಚಿನದು ದುಂಡಗಿರುತ್ತದೆ. ಕಾರೈಕುಡಿ, ಮಟ್ಟಾಂಚೇರಿ, ಮುಂಬೈ ಚೋರ್ ಬಜಾರ್, ಎಲ್ಲಿಗೆ ಹೋದರೂ ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ಮೈಸೂರು_ಕಮಾನು
"ಬೆಲ್ಜಿಯಂ" ಅನ್ನೋ ಮಾತಿಗೆ ಬರೋಣ. ನಮ್ಮ ಊರುಗಳಲ್ಲಿ ಹಳೇ ಕನ್ನಡಿ ಕಂಡರೆ ಬೆಲ್ಜಿಯಂ, ತೂಗುದೀಪ ಕಂಡರೆ ಬೆಲ್ಜಿಯಂ. ಬೆಲ್ಜಿಯಂನಲ್ಲಿ ನಿಜಕ್ಕೂ ದೊಡ್ಡ ಕಾರ್ಖಾನೆಗಳಿದ್ದವು. ವಾಲ್ ಸೇಂಟ್ ಲ್ಯಾಂಬರ್ಟ್ 1826ರಿಂದ ಹೆಸರುವಾಸಿ. ಆದರೆ ಭಾರತಕ್ಕೆ ಬಂದ ತೂಗುದೀಪಗಳಲ್ಲಿ ಇಂಗ್ಲೆಂಡಿನ, ಬೊಹೀಮಿಯಾದ ಮಾಲು ಬಹಳ. ಬರ್ಮಿಂಗ್‌ಹ್ಯಾಮ್‌ನ ಓಸ್ಲರ್ ಕಂಪನಿ 1851ರ ಲಂಡನ್ ಪ್ರದರ್ಶನಕ್ಕೆ 27 ಅಡಿ ಎತ್ತರದ ಗಾಜಿನ ಕಾರಂಜಿ ಮಾಡಿತ್ತು. ಕಲ್ಕತ್ತಾದಲ್ಲಿ ಅವರದೇ ಮಳಿಗೆ ಇತ್ತು. ರಾಜರ ಮನೆಗಳಿಗೆ ಗಾಜಿನ ಕುರ್ಚಿ, ಮಂಚ ಕೂಡ ಮಾಡಿಕೊಟ್ಟರು.

ನಮ್ಮ ಅರಮನೆಯ ಕಲ್ಯಾಣ ಮಂಟಪದ ನವಿಲಿನ ಬಣ್ಣದ ಗಾಜಿನ ಚಾವಣಿ ಗ್ಲಾಸ್ಗೋದಿಂದ ಬಂದದ್ದು. ನೋಡದವರು ಬೆಳಗ್ಗೆ ಹೊತ್ತು ಹೋಗಿ ನಡುವೆ ನಿಂತು ತಲೆ ಎತ್ತಿ ನೋಡಿ.

ಕರಾವಳಿ_ಕಪಾಟು
ಕನ್ನಡಿ ಅಂದಿರಲ್ಲ, ಅದಕ್ಕೆ ಒಂದು ಎಚ್ಚರಿಕೆ. ಬಹಳ ಹಳೇ ಕನ್ನಡಿಗಳ ಹಿಂದೆ ತವರ ಮತ್ತು ಪಾದರಸದ ಲೇಪ ಇರುತ್ತದೆ. ಬೆಳ್ಳಿ ಲೇಪಿಸುವ ವಿಧಾನ 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಕಂಡುಹಿಡಿದ ಮೇಲೆ ನಿಧಾನವಾಗಿ ಬಂದದ್ದು. ಹಿಂಬದಿಯ ಲೇಪ ಉದುರುತ್ತಿದ್ದರೆ ಕೆರೆಯಬೇಡಿ, ಬಿಸಿ ತಾಗಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ನಮ್ಮ ಮಂಗಳೂರು ಕಡೆ ಇನ್ನೊಂದು ಕಾಟ, ತೇವ. ಕೆಲವು ಹಳೇ ಗಾಜಿನ ಮಿಶ್ರಣ ಸರಿಯಿರುವುದಿಲ್ಲ, ಕ್ಷಾರ ಜಾಸ್ತಿ. ಮಳೆಗಾಲದಲ್ಲಿ ಅದು ಬೆವರುತ್ತದೆ, ಮುಟ್ಟಿದರೆ ಜಾರುತ್ತದೆ, ಆಮೇಲೆ ಒಳಗೆ ಕೂದಲೆಳೆಯ ಬಿರುಕು ಜಾಲದಂತೆ ಹಬ್ಬುತ್ತದೆ. ಗಾಜಿನ ಕಾಯಿಲೆ ಅನ್ನುತ್ತಾರೆ. ಬಿರುಕು ಬಿಟ್ಟದ್ದು ವಾಪಸ್ಸು ಕೂಡುವುದಿಲ್ಲ. ಬಾಗಿಲು ಬಿಗಿ ಮುಚ್ಚಿದ ಕಪಾಟಿಗಿಂತ ಸ್ವಲ್ಪ ಗಾಳಿಯಾಡುವ ಕಪಾಟು ಒಳ್ಳೆಯದು.

ಕತ್ತಲಲ್ಲಿ_ಹಸಿರು
ಯುರೇನಿಯಂ ಗಾಜಿನ, ಅಂದರೆ ಬಣ್ಣಕ್ಕೆ ಯುರೇನಿಯಂ ಬೆರೆಸಿದ ಗಾಜಿನ ವಿಷಯ ಯಾರೂ ಎತ್ತಲಿಲ್ಲ! ಅಟ್ಟದಲ್ಲಿ ಹಳದಿ-ಹಸಿರು ಗಾಜು ಏನಾದರೂ ಸಿಕ್ಕಿದೆಯಾ? ನೇರಳಾತೀತ ಟಾರ್ಚ್ ಹಾಕಿ ನೋಡಿ, ಗಿಣಿ ಹಸಿರು ಬಣ್ಣಕ್ಕೆ ಹೊತ್ತಿಕೊಂಡಂತೆ ಹೊಳೆಯುತ್ತದೆ. ಬೊಹೀಮಿಯಾದ ಯೋಸೆಫ್ ರೀಡೆಲ್ 1830ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ಹಳದಿಗೊಂದು, ಹಸಿರಿಗೊಂದು ಹೆಸರಿಟ್ಟರು, ಎರಡೂ ಹೆಂಡತಿ ಆನಾ ಹೆಸರಿನಿಂದ.

ದಾವಣಗೆರೆ_ಹಳೇಮನೆ
ಹಸಿರು ಉಪ್ಪಿನಕಾಯಿ ಬಟ್ಟಲು ಒಂದಿದೆ. ಮನೆಯಲ್ಲಿ ಇಟ್ಟರೆ ಅಪಾಯ ಇಲ್ವಾ?

ಕೆಮಿಸ್ಟ್ರಿ_ಮೇಷ್ಟ್ರು
ಶೋಕೇಸಿನಲ್ಲಿ ಇಡೋದಕ್ಕೆ ಭಯ ಬೇಡ. ಯುರೇನಿಯಂ ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ 2ರ ಆಸುಪಾಸು, ಅದೂ ಗಾಜಿನೊಳಗೆ ಬಂಧಿ. ಆದರೆ ಉಪ್ಪಿನಕಾಯಿ ಹಾಕಬೇಡಿ. ಹುಳಿ ಪದಾರ್ಥ ದಿನಗಟ್ಟಲೆ ಅದರಲ್ಲಿ ಇರಬಾರದು. ಕೊರೆಯೋದು, ಅರೆಯೋದು ಕೂಡದು, ಪುಡಿ ಉಸಿರಿಗೆ ಹೋಗುತ್ತದೆ. ಸೀಸ ಹಾಕಿದ ಹಳೇ ಸ್ಫಟಿಕದ ಜಾಡಿಗಳಿಗೂ ಇದೇ ಮಾತು. ದ್ರಾಕ್ಷಾರಸ, ಶರಬತ್ತು ತುಂಬಿ ತಿಂಗಳುಗಟ್ಟಲೆ ಇಟ್ಟರೆ ಸೀಸ ಅದಕ್ಕೆ ಇಳಿಯುತ್ತದೆ.

ಟಾರ್ಚ್ ಬಗ್ಗೆ ಒಂದು ಮಾತು. ಮ್ಯಾಂಗನೀಸ್ ಇರುವ ಗಾಜೂ ಮಂದವಾಗಿ ಹಸಿರು ಹೊಳೆಯುತ್ತದೆ, ಅದರಲ್ಲೂ 365 ನ್ಯಾನೋಮೀಟರ್ ತರಂಗಾಂತರದ ಟಾರ್ಚಿನಲ್ಲಿ. ಯುರೇನಿಯಂ ಆದರೆ 395ರ ಅಗ್ಗದ ಟಾರ್ಚಿಗೂ ಜೋರಾಗಿ ಹೊಳೆಯುತ್ತದೆ. ಮಂದ ಹೊಳಪು ಕಂಡು ಯುರೇನಿಯಂ ಅಂತ ಬೆಲೆ ಕೊಡಬೇಡಿ.

ಹುಬ್ಬಳ್ಳಿ_ವಕೀಲ
ನ್ಯೂಜೆರ್ಸಿ ಅಕ್ಕ, ನೀವು ಊರಿಗೆ ಬಂದಾಗ ಇಂಥ ಸಾಮಾನು ಕೊಂಡು ಹೋಗುತ್ತೀರಾ? ಹುಷಾರು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅಷ್ಟು ಹಳೆಯದಲ್ಲ ಅಂತ ಅನಿಸಿದರೂ ನೋಡುವುದಕ್ಕೆ ಹಳೆಯದಾಗಿದ್ದರೆ, ಇದು ಪ್ರಾಚ್ಯವಸ್ತು ಅಲ್ಲ ಅಂತ ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ಮಾಡಿಸಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ನ್ಯೂಜೆರ್ಸಿ_ಕನ್ನಡತಿ
ನನ್ನ ಹತ್ತಿರ ಇರುವ ಫಿರೋಜಾಬಾದ್ ಲೋಟಗಳೆಲ್ಲ ಇಲ್ಲೇ, ಸಂಗ್ರಾಹಕರಿಂದ ಕೊಂಡದ್ದು. ಕೊಳ್ಳುವಾಗ ಖುಷಿಯಾಗುತ್ತದೆ, ಜತೆಗೆ ಸಂಕಟವೂ. ನಮ್ಮ ಊರ ಗಾಜಿನ ಬಗ್ಗೆ ಬೇರೆ ದೇಶದವರು ಒಂದೊಂದು ವಿನ್ಯಾಸಕ್ಕೂ ಹೆಸರಿಟ್ಟು, ಪಟ್ಟಿ ಮಾಡಿ ಇಟ್ಟಿದ್ದಾರೆ. ನಮ್ಮಲ್ಲಿ ಅಟ್ಟದಿಂದ ನೇರ ಗುಜರಿಗೆ. ಹಳೇಕಾಲ ಸರ್ ಬೆಲೆ ಬೆಲೆ ಅನ್ನುತ್ತಾರೆ. ಬೆಲೆ ಇರಲಿ ಸರ್, ಯಾರು ಮಾಡಿದರು, ಯಾವ ಊರಲ್ಲಿ ಮಾಡಿದರು ಅನ್ನೋದಾದರೂ ಉಳಿಯಬೇಡವಾ?

ಹಳೇಕಾಲ_ಬಸವನಗುಡಿ
ಅದು ಉಳಿಯಬೇಕು. ಅದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ಅಚ್ಚಿನ ಗಾಜನ್ನು ಕೈಕೆಲಸದ ಬೆಲೆಗೆ ಮಾರುವವರ ಮೇಲೆ ಮಾತ್ರ ನನ್ನ ಸಿಟ್ಟು.

ಬೆಳಗಾವಿ_ಕಂದೀಲು
ಫಿರೋಜಾಬಾದಿನಲ್ಲಿ ಈಗ ಕುಲುಮೆಗಳು ಬಹುತೇಕ ಗ್ಯಾಸಿನವು. ತಾಜ್ ಮಹಲಿಗೆ ಹೊಗೆ ತಾಗುತ್ತದೆ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತಿನ ಕಾರ್ಖಾನೆಗಳಲ್ಲಿ ಕಲ್ಲಿದ್ದಲು ನಿಲ್ಲಿಸಲು ಹೇಳಿತು. ಕಲ್ಲಿದ್ದಲ ಕಾಲದ ಲೋಟಗಳು ಹೇಗೂ ಮತ್ತೆ ತಯಾರಾಗುವುದಿಲ್ಲ. ಇರುವುದನ್ನು ಒಡೆಯದಂತೆ ನೋಡಿಕೊಳ್ಳಬೇಕು, ಅಷ್ಟೇ.

ಅಡುಗೆಮನೆ_ಅತ್ತೆ
ತೊಳೆಯೋದು ಹೇಗೆ ಅಂತ ಹುಡುಗಿ ಕೇಳಿದಳಲ್ಲ, ಯಾರೂ ಹೇಳಲಿಲ್ಲ. ಕೇಳು ಮಗಳೇ. ಪ್ಲಾಸ್ಟಿಕ್ ಬೋಗುಣಿಯಲ್ಲಿ ದಪ್ಪ ಟವೆಲ್ ಹಾಸು. ಉಗುರು ಬೆಚ್ಚಗಿನ ನೀರು, ಎರಡು ಹನಿ ಸೋಪು. ಒಂದು ಸಲಕ್ಕೆ ಒಂದೇ ಲೋಟ. ನಲ್ಲಿ ಕೆಳಗೆ ಹಿಡಿಯಬೇಡ, ಗಾಜು ತಾಗಿತು ಅಂದರೆ ಹೋಯಿತು. ಪಾತ್ರೆ ತಿಕ್ಕುವ ಪುಡಿ, ನಾರು, ಹುಣಸೆಹಣ್ಣು ಯಾವುದೂ ಬೇಡ. ಮೆರುಗು ಮೈಮೇಲೆ ಇದೆ ಅಂತ ಮೇಷ್ಟ್ರು ಹೇಳಿದ್ದು ಕೇಳಿದೆಯಲ್ಲ, ತಿಕ್ಕಿದರೆ ಹೋಗುತ್ತದೆ. ಉಂಗುರ, ಬಳೆ ತೆಗೆದಿಟ್ಟು ತೊಳಿ. ಒರೆಸುವಾಗ ಬಾಯಿಯ ಅಂಚು ಹಿಡಿದು ತಿರುಚಬೇಡ.

ಹೂದಾನಿಯ ಒಳಗೆ ಬೋರ್‌ವೆಲ್ ನೀರಿನ ಬಿಳಿ ಕಲೆ ಇದ್ದರೆ ಸ್ವಲ್ಪ ವಿನೆಗರ್ ಒಳಗಡೆ ಮಾತ್ರ ಹಾಕಿ ಬಿಡು, ಆಮೇಲೆ ಚೆನ್ನಾಗಿ ತೊಳೆ. ಹೊರಗೆ ತಾಗಿಸಬೇಡ. ಪಾನಕ ತಣ್ಣಗಿರುತ್ತದೆ, ಕೊಡಬಹುದು. ಬಿಸಿ ಕಾಫಿ ಮಾತ್ರ ಸುರಿಯಬೇಡ, ಚಟ್ ಅಂತ ಸೀಳುತ್ತದೆ.

ದಾವಣಗೆರೆ_ಹಳೇಮನೆ
ಅತ್ತೆ, ತುಂಬಾ ಥ್ಯಾಂಕ್ಸ್. ಇಷ್ಟನ್ನೂ ಅಣ್ಣನಿಗೆ ಓದಿ ಹೇಳಿದೆ. ಮಾರೋದಿಲ್ಲ ಅಂತ ಅವನೇ ವ್ಯಾಪಾರಿಗೆ ಹೇಳಿದ. ಮೀನು ನನಗೆ, ಲೋಟ ಅಮ್ಮನಿಗೆ. ಈಗ ಬೆಂಗಳೂರಿಗೆ ತರಬೇಕು. ಬಸ್ಸಿನಲ್ಲಿ ತರಬಹುದಾ, ಪಾರ್ಸೆಲ್ ಹಾಕೋದಾ?

ಚಿಕ್ಕಪೇಟೆ_ಸುತ್ತಾಟ
ಪಾರ್ಸೆಲ್ ಬೇಡವೇ ಬೇಡ. ರೈಲಿನಲ್ಲಿ ಬನ್ನಿ, ತೊಡೆಯ ಮೇಲೆ ಇಟ್ಟುಕೊಂಡು. ಒಂದೊಂದನ್ನೂ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ. ನ್ಯೂಸ್‌ಪೇಪರ್ ನೇರವಾಗಿ ಗಾಜಿಗೆ ಸುತ್ತಬೇಡಿ, ಮಸಿ ಅಂಟುತ್ತದೆ. ಲೋಟದೊಳಗೆ ಲೋಟ ಇಡಬೇಡಿ, ಸಿಕ್ಕಿಹಾಕಿಕೊಂಡರೆ ಬಿಡಿಸುವಾಗ ಅಂಚು ಹಾರುತ್ತದೆ. ಮೀನಿನ ಬಾಲದ ಸುತ್ತ ಬಟ್ಟೆ ಜಾಸ್ತಿ ಇರಲಿ, ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಏನೂ ಕದಲಬಾರದು.

ನ್ಯೂಜೆರ್ಸಿ_ಕನ್ನಡತಿ
ಸುತ್ತುವ ಮುಂಚೆ ಐದೂ ಲೋಟದ ಬುಡದ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ಇಲ್ಲಿ ಹಾಕಿ. ಹೆಸರಿಲ್ಲದ ಮೂರು ಲೋಟಗಳ ಬಳ್ಳಿ ವಿನ್ಯಾಸ ಬೇರೆ ಇದ್ದಂತಿದೆ. ಅದೂ ಜೈನ್‌ನದೋ, ಫಿರೋಜಾಬಾದಿನ ಬೇರೆ ಕಾರ್ಖಾನೆಯದೋ ನೋಡಬೇಕು.